ಮನೆಗೆ ಬೆಲೆ ಕಟ್ಟುವವನನ್ನು ಯಾರು ಆರಿಸಬೇಕು?

(ನಾರಾಯಣಖೇಡದಲ್ಲಿ ಸೇರಿದ ಕಾರ್ಮಿಕ ಕೂಟದಲ್ಲಿ ನಮ್ಮ ಉಪದೇಶಿಗಳು ಮಾಡಿದ ಭಾಷಣ)





ಮನೆ ಕೊಳ್ಳುವ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಿದ್ದಾರೆ. ನಾನು ಎಂಜಿನಿಯರನಲ್ಲ, ವಕೀಲನೂ ಅಲ್ಲ. ಆದರೆ ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ತಾಂಡೂರಿನ ಕಡೆ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿಯುವ ಸಹೋದರನೊಬ್ಬನಿದ್ದಾನೆ. ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿ ಇದ್ದವನು. ಊರಂಚಿನಲ್ಲಿ ನೂರು ಗಜ ಜಾಗದ ಮೇಲೆ ಕಟ್ಟಿದ ಒಂದು ಮನೆ ಮಾರಾಟಕ್ಕೆ ಬಂತು. ಕೆಳಗೆ ಮೂರು ಖೋಲಿ, ಮೇಲೆ ಎರಡು. ನೆಲಕ್ಕೆಲ್ಲ ಒಳ್ಳೆಯ ಶಹಾಬಾದಿ ಕಲ್ಲು. ಬೆಲೆ 18 ಲಕ್ಷ. ಇವನು ಹಿಂಜರಿದಾಗ ದಲ್ಲಾಳಿಯೇ ಒಬ್ಬ ಎಂಜಿನಿಯರನನ್ನು ಕರೆತಂದ. ಆತ ಟೇಪು ಹಿಡಿದು ಅಳೆದು, ಸೀಲು ಒತ್ತಿದ ಕಾಗದದಲ್ಲಿ 18 ಲಕ್ಷವೆಂದು ಬರೆದುಕೊಟ್ಟ. ಕಾಗದ ನೋಡಿ ನಮ್ಮವನಿಗೆ ಧೈರ್ಯ ಬಂತು. ಪಿ.ಎಫ್.ನಿಂದ ತೆಗೆದ 2 ಲಕ್ಷ ರೂಪಾಯಿ ಬಯಾನ ಕೊಟ್ಟ. ಮೂರು ತಿಂಗಳಲ್ಲಿ ರಿಜಿಸ್ಟ್ರಿ ಆಗದಿದ್ದರೆ ಬಯಾನ ಹೋದಂತೆಯೇ ಎಂದು ಕರಾರಿನಲ್ಲಿ ಬರೆದಿತ್ತು. ಆ ಕರಾರಿಗೆ ಸಾಕ್ಷಿಯಾಗಿ ರುಜು ಹಾಕಿದವನು ನಾನು.

ಅವನ ಲೆಕ್ಕ ಹೀಗಿತ್ತು. ಬ್ಯಾಂಕಿನಿಂದ ನೂರಕ್ಕೆ 80ರಂತೆ 14 ಲಕ್ಷ 40 ಸಾವಿರ. ಉಳಿದ 3 ಲಕ್ಷ 60 ಸಾವಿರ ಕೈಯಿಂದ. ತೆಲಂಗಾಣದಲ್ಲಿ ರಿಜಿಸ್ಟ್ರಿ ಖರ್ಚು 2021ರ ಜುಲೈಯಲ್ಲಿ ನೂರಕ್ಕೆ 6ರಿಂದ ಏಳೂವರೆಗೆ ಏರಿತ್ತು. ಅದು 1 ಲಕ್ಷ 35 ಸಾವಿರ. ಬಯಾನದ 2 ಲಕ್ಷ, ಹೆಂಡತಿಯ ಬಂಗಾರ ಮತ್ತು ಚೀಟಿಯ ಹಣ 3 ಲಕ್ಷ. ಎಲ್ಲ ಸರಿಹೊಂದಿತ್ತು.

ಆಮೇಲೆ ಬ್ಯಾಂಕು ತನ್ನ ಎಂಜಿನಿಯರನನ್ನು ಕಳಿಸಿತು. ಅದರ ಫೀಸನ್ನು ಕಟ್ಟಿದವನು ನಮ್ಮ ಸಹೋದರನೇ. ಆ ಎಂಜಿನಿಯರ್ ಬರೆದದ್ದು 14 ಲಕ್ಷ. 14ಕ್ಕೆ 80ರಂತೆ 11 ಲಕ್ಷ 20 ಸಾವಿರ. ಒಂದೇ ದಿನದಲ್ಲಿ 3 ಲಕ್ಷ 20 ಸಾವಿರ ಕಡಿಮೆ ಬಿತ್ತು. ವರದಿಯಲ್ಲಿ ಏನಿದೆ ಎಂದು ಕೇಳಿದರೆ, ಅದು ಬ್ಯಾಂಕಿನ ಕಾಗದ, ಕೊಡುವುದಿಲ್ಲ ಎಂದರು. ನಾಲ್ಕು ಸಲ ಅಲೆದ ಮೇಲೆ ಒಬ್ಬ ಗುಮಾಸ್ತರು ಬಾಯಿಮಾತಿನಲ್ಲಿ ಹೇಳಿದರು: ಮೇಲಿನ ಎರಡು ಖೋಲಿಗೆ ಪರವಾನಗಿಯೇ ಇಲ್ಲ, ಆದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೂರು ತಿಂಗಳು ಮುಗಿಯಿತು. ಮಾರುವವನ ಮನೆಗೆ ನಾನೂ ಹೋಗಿ ಕೈಮುಗಿದೆ. 50 ಸಾವಿರ ಹಿಂದಿರುಗಿಸಿದ. ಒಂದೂವರೆ ಲಕ್ಷ ಹೋಯಿತು. ದಾರಿಯಲ್ಲಿ ನಮ್ಮವನು ನನ್ನನ್ನು ಬೈಯಲಿಲ್ಲ. "ಅಣ್ಣಾ, ನೀವು ರುಜು ಹಾಕಿದ್ರಿ ಅಂತ ನನಗ ಧೈರ್ಯ ಇತ್ತು" ಎಂದಷ್ಟೇ ಹೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಸಹೋದರರೇ, ಆ ದಿನ ನಾನು ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಈ ಅಳೆಯುವವನನ್ನು ಕರೆತಂದವರು ಯಾರು? ಅದನ್ನು ಕೇಳದೆ ನಾನು ಸೀಲು ನೋಡಿದೆ.

ಈಗ ವಿಚಾರ ಮಾಡೋಣ. ಒಂದು ಮನೆಯ ವ್ಯವಹಾರದಲ್ಲಿ ಮೂವರಿದ್ದಾರೆ: ಮಾರುವವನು, ಸಾಲ ಕೊಡುವವನು, ಕೊಳ್ಳುವವನು. ಬೆಲೆ ಕಟ್ಟುವವನನ್ನು ಇವರಲ್ಲಿ ಯಾರು ಆರಿಸಬೇಕು?

ಮಾರುವವನಂತೂ ಅಲ್ಲ. ಅವನ ಲಾಭ ಹೆಚ್ಚಿನ ಬೆಲೆಯಲ್ಲಿದೆ. ದಲ್ಲಾಳಿಗೂ ಅಷ್ಟೇ, ಬೆಲೆ ಏರಿದಷ್ಟೂ ಅವನ ಕಮಿಷನ್ ಏರುತ್ತದೆ. ಅವರು ತಂದ ತಕ್ಕಡಿಯಲ್ಲಿ ನಾವು ತೂಗಿಸಿಕೊಳ್ಳಬಾರದು.

ಬ್ಯಾಂಕು ಆರಿಸಲಿ ಎಂದರೆ? ಬ್ಯಾಂಕಿಗೆ ಅದರ ಹಕ್ಕು ಇದೆ, ಅದು ನ್ಯಾಯವೂ ಹೌದು. ಸಾಲ ತೀರದಿದ್ದರೆ ಆ ಮನೆಯನ್ನು ಮಾರಿಯೇ ಅದು ಹಣ ಹಿಂದಕ್ಕೆ ಪಡೆಯಬೇಕು. 2007ರ ಜನವರಿ 4ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಎಲ್ಲ ವಾಣಿಜ್ಯ ಬ್ಯಾಂಕುಗಳಿಗೆ ಹೇಳಿದ್ದು ಇದೇ: ಬೆಲೆ ಕಟ್ಟುವವರು ಅರ್ಹತೆ ಪಡೆದ ಸ್ವತಂತ್ರರಾಗಿರಬೇಕು, ಆ ಆಸ್ತಿಯಲ್ಲಿ ಅವರಿಗೆ ನೇರವಾಗಲಿ ಪರೋಕ್ಷವಾಗಲಿ ಯಾವ ಹಿತಾಸಕ್ತಿಯೂ ಇರಬಾರದು. 50 ಕೋಟಿ ಮತ್ತು ಅದಕ್ಕೂ ಹೆಚ್ಚಿನ ಬೆಲೆಯ ಆಸ್ತಿಗೆ ಕನಿಷ್ಠ ಇಬ್ಬರಿಂದ ಬೇರೆಬೇರೆ ವರದಿ ತರಿಸಬೇಕೆಂದೂ ಅದರಲ್ಲಿದೆ. ದೊಡ್ಡವರ ಆಸ್ತಿಗೆ ನಾಲ್ಕು ಕಣ್ಣು. ನಮ್ಮ ನೂರು ಗಜಕ್ಕೆ ಎರಡೇ ಕಣ್ಣು, ಅವೂ ಬ್ಯಾಂಕಿನವು.

ಬ್ಯಾಂಕಿನ ಎಂಜಿನಿಯರ್ ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು. ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ಹಳೆಯದಾದದ್ದಕ್ಕೆ ಇಷ್ಟು ಕಳೆ ಎಂದು ಲೆಕ್ಕ ಹಾಕುತ್ತಾನೆ. ಮಳೆಗಾಲದಲ್ಲಿ ಗೋಡೆ ಒಸರುತ್ತದೆಯೇ, ಬೋರಿಗೆ ಬೇಸಿಗೆಯಲ್ಲಿ ನೀರು ಇರುತ್ತದೆಯೇ ಎಂಬುದು ಅವನ ಮುಖ್ಯ ಕೆಲಸವಲ್ಲ. ಮಾರುವವನಿಗೆ ಹಕ್ಕು ಇದೆಯೇ ಎಂದು ನೋಡುವುದು ವಕೀಲರ ಕೆಲಸ. ಅವನು ತಪ್ಪು ಮಾಡಿದನೆಂದು ನಾನು ಹೇಳುತ್ತಿಲ್ಲ. ನಮ್ಮ ಸಹೋದರನಿಗೆ ಆ ಮನೆಯ ವಿಷಯದಲ್ಲಿ ನಿಜ ಹೇಳಿದವನು ಅವನೊಬ್ಬನೇ. ಆದರೆ ಆ ನಿಜ ಬಂದದ್ದು ಬಯಾನ ಕೊಟ್ಟ ಮೇಲೆ, ಮತ್ತು ಬಂದದ್ದು ನಮ್ಮವನ ಕೈಗಲ್ಲ.

ಇಂಗ್ಲೆಂಡಿನ ನಾರ್ವಿಚ್ ಎಂಬ ಊರಿನಲ್ಲಿ ನಡೆದ ಒಂದು ಸಂಗತಿ ಕೇಳಿರಿ. ಒಬ್ಬ ಹೆಣ್ಣುಮಗಳು ಸಾಧಾರಣ ಬೆಲೆಯ ಮನೆಯೊಂದನ್ನು ಸಾಲ ಮಾಡಿ ಕೊಂಡಳು. ಸಾಲ ಕೊಡುವ ಸಂಸ್ಥೆ ತಾನೇ ಆರಿಸಿದ ಸರ್ವೇಯರನನ್ನು ಕಳಿಸಿತು, ಫೀಸು ಆಕೆಯದು. ದೊಡ್ಡ ದುರಸ್ತಿ ಏನೂ ಬೇಡ ಎಂದು ವರದಿ ಬಂತು. ಅದನ್ನು ನಂಬಿ ಕೊಂಡಳು. ಮನೆಯೊಳಗಿನ ಹೊಗೆಗೂಡಿನ ಬುಡವನ್ನು ಹಿಂದೆ ಯಾರೋ ಕಿತ್ತಿದ್ದರು. ಮೇಲಿನ ಭಾಗ ಆಸರೆಯಿಲ್ಲದೆ ನಿಂತಿತ್ತು. ಸರ್ವೇಯರ್ ಅದನ್ನು ಪರೀಕ್ಷಿಸಿರಲಿಲ್ಲ. ಒಂದೂವರೆ ವರ್ಷದಲ್ಲಿ ಇಟ್ಟಿಗೆಗಳು ಚಾವಣಿ ಮುರಿದು ಮಲಗುವ ಖೋಲಿಯೊಳಗೆ ಬಿದ್ದವು. ವರದಿಗೆ ತಾನು ಹೊಣೆಯಲ್ಲ ಎಂದು ಕಾಗದದಲ್ಲೇ ಅಚ್ಚಾಗಿತ್ತು. ಆದರೂ 1989ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಸಾಧಾರಣ ಮನೆ ಕೊಳ್ಳುವವರು ಈ ವರದಿಯನ್ನೇ ನಂಬುತ್ತಾರೆಂದು ಸರ್ವೇಯರನಿಗೆ ಗೊತ್ತು, ಹಣವೂ ಅವರದೇ, ಆದ್ದರಿಂದ ಅವರಿಗೂ ಅವನು ಹೊಣೆ ಎಂಬುದು ತೀರ್ಪಿನ ಸಾರ. ಅದು ಅಲ್ಲಿಯ ಕಾನೂನು, ಇಲ್ಲಿಯದಲ್ಲ. ಆದರೆ ನ್ಯಾಯದ ಮಾತು ಎಲ್ಲ ಕಡೆಗೂ ಒಂದೇ.

ಅಮೆರಿಕದಲ್ಲಿ ಇನ್ನೊಂದು ಪಾಠ. 2008ರಲ್ಲಿ ಅಲ್ಲಿ ಮನೆ ಸಾಲದ ವ್ಯವಹಾರ ಕುಸಿಯಿತು. ಸಾಲ ಹೆಚ್ಚು ಹೋಗಲೆಂದು ಬೆಲೆಯನ್ನು ಉಬ್ಬಿಸಿ ಬರೆಸುತ್ತಿದ್ದುದು ಅದಕ್ಕೆ ಕಾರಣಗಳಲ್ಲಿ ಒಂದು. 2009ರಿಂದ ಅಲ್ಲಿ, ಸಾಲ ಹಂಚಿ ಕಮಿಷನ್ ಪಡೆಯುವವರು ಬೆಲೆ ಕಟ್ಟುವವನನ್ನು ಆರಿಸಬಾರದು ಎಂಬ ನಿಯಮ ತಂದರು. 2014ರಿಂದ ವರದಿಯ ಒಂದು ಪ್ರತಿಯನ್ನು ವ್ಯವಹಾರ ಮುಗಿಯುವ ಮೊದಲೇ ಸಾಲಗಾರನಿಗೆ ಕೊಡುವುದು ಕಡ್ಡಾಯವಾಯಿತು.

ಇದೆಲ್ಲ ದೂರದ ಮಾತಾಯಿತು ಎನ್ನಬೇಡಿರಿ. ಜಹೀರಾಬಾದಿನ ಕಡೆಯವರು ಇಲ್ಲಿ ಕುಳಿತಿದ್ದೀರಿ. ಝರಾಸಂಗಮ, ನ್ಯಾಲ್ಕಲ್ ಮಂಡಲಗಳಲ್ಲಿ ಕೈಗಾರಿಕಾ ವಲಯಕ್ಕಾಗಿ 12 ಸಾವಿರಕ್ಕೂ ಹೆಚ್ಚು ಎಕರೆ ಗುರುತು ಮಾಡಿದ್ದು ನಿಮಗೆ ಗೊತ್ತು. 2015ರ ಜುಲೈಯಲ್ಲಿ ಹೊರಟ 123ನೇ ಸರಕಾರಿ ಆದೇಶದಲ್ಲಿ ಭೂಮಿ ಕೊಳ್ಳುವುದೂ ಸರಕಾರ, ಬೆಲೆ ನಿಗದಿ ಮಾಡುವ ಸಮಿತಿಯ ಮುಖ್ಯಸ್ಥರೂ ಜಿಲ್ಲಾ ಕಲೆಕ್ಟರು. 2016ರ ಆಗಸ್ಟಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಮುಂದೆಯೂ ವ್ಯಾಜ್ಯ ನಡೆಯಿತು. ತೆಗೆದುಕೊಳ್ಳುವವನೇ ಅಳೆದರೆ ಕೊಡುವವನ ಮನಸ್ಸಿಗೆ ಸಮಾಧಾನ ಇರುವುದಿಲ್ಲ ಎಂಬುದನ್ನು ನೀವು ಕಂಡವರು.

ಹಾಗಾದರೆ ಕೊಳ್ಳುವ ನಾವೇ ಎಲ್ಲದಕ್ಕೂ ಆರಿಸಬೇಕೇ? ಇಲ್ಲಿ ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಬೇಕು. ರಿಜಿಸ್ಟ್ರಿ ಆಫೀಸಿಗೆ ಹೋದಾಗ ಬೆಲೆ ಕಡಿಮೆ ಬರೆಯಿರಿ ಎನ್ನುತ್ತೇವೆ. ಬ್ಯಾಂಕಿಗೆ ಹೋದಾಗ ಹೆಚ್ಚು ಬರೆಯಿರಿ ಎನ್ನುತ್ತೇವೆ. ಒಂದೇ ಮನೆ, ಒಂದೇ ವಾರ, ಎರಡು ಬೆಲೆ! ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ತೂಕದ ಕಲ್ಲು ಇಟ್ಟುಕೊಳ್ಳಬಾರದೆಂದು ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಹೇಳುವುದು ವ್ಯಾಪಾರಿಗೆ ಮಾತ್ರವಲ್ಲ. ಬ್ಯಾಂಕಿನ ಎಂಜಿನಿಯರನನ್ನು ನಾವೇ ಆರಿಸುವಂತಿದ್ದರೆ ನಮ್ಮಲ್ಲಿ ಎಷ್ಟೋ ಮಂದಿ ಅವನ ಕೈ ಬೆಚ್ಚಗೆ ಮಾಡುತ್ತಿದ್ದೆವು. ಹೆಚ್ಚಿಗೆ ಬರೆಸಿ ಪಡೆದ ಸಾಲದ ಕಂತನ್ನು ಆಮೇಲೆ ನಮ್ಮ ಮಕ್ಕಳ ಊಟದಿಂದಲೇ ಕಟ್ಟಬೇಕು.

ಯಾಜಕಕಾಂಡದ 27ನೇ ಅಧ್ಯಾಯದಲ್ಲಿ, ಒಬ್ಬನು ತನ್ನ ಮನೆಯನ್ನು ದೇವರಿಗೆ ಮೀಸಲು ಮಾಡಿದರೆ ಅದರ ಬೆಲೆಯನ್ನು ಯಾಜಕನೇ ಕಟ್ಟಬೇಕೆಂದಿದೆ. ನೋಡಿರಿ, ತೆಗೆದುಕೊಳ್ಳುವವರ ಕಡೆಯವನೇ ಬೆಲೆ ಕಟ್ಟಿದ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ಬಿಡಿಸಿಕೊಳ್ಳಲು ಎಷ್ಟು ಹೆಚ್ಚು ಕೊಡಬೇಕೆಂಬುದು, ಅಂದರೆ ಐದರಲ್ಲಿ ಒಂದು ಪಾಲು, ಎಲ್ಲರಿಗೂ ತಿಳಿದ ನಿಯಮವಾಗಿತ್ತು. ಹರಕೆಯ ಬೆಲೆ ತೆರಲಾರದ ಬಡವನಿಗೆ ಅವನ ಶಕ್ತಿ ನೋಡಿ ಬೆಲೆ ಹೇಳಬೇಕೆಂಬ ಕಟ್ಟಳೆಯೂ ಅದೇ ಅಧ್ಯಾಯದಲ್ಲಿದೆ. ಅಧಿಕಾರ ಇದ್ದಲ್ಲಿ ಕಟ್ಟಳೆಯೂ ಇತ್ತು.

ಪ್ರವಾದಿ ಯೆರೆಮೀಯನು ಅನಾತೋತಿನಲ್ಲಿ ಹೊಲ ಕೊಂಡದ್ದನ್ನೂ ನೆನಪಿಗೆ ತಂದುಕೊಳ್ಳಿರಿ. ಅವನ ಪುಸ್ತಕದ 32ನೇ ಅಧ್ಯಾಯ. ಪಟ್ಟಣಕ್ಕೆ ಶತ್ರು ಮುತ್ತಿಗೆ ಹಾಕಿದ್ದಾನೆ, ಯೆರೆಮೀಯನು ಸೆರೆಯಲ್ಲಿದ್ದಾನೆ. ಆದರೂ 17 ಶೆಕೆಲ್ ಬೆಳ್ಳಿಯನ್ನು ಸಾಕ್ಷಿಗಳ ಮುಂದೆ ತಕ್ಕಡಿಯಲ್ಲಿ ತೂಗಿ ಕೊಟ್ಟನು. ಪತ್ರ ಎರಡು ಪ್ರತಿ: ಒಂದು ಮುದ್ರೆ ಹಾಕಿದ್ದು, ಒಂದು ತೆರೆದದ್ದು. ಅಂಗಳದಲ್ಲಿ ಕುಳಿತವರೆಲ್ಲರ ಕಣ್ಣೆದುರಿನಲ್ಲೇ ಅವನ್ನು ಬಾರೂಕನ ಕೈಗೆ ಕೊಟ್ಟನು. ನಾನು ಹಾಕಿದ ಸಾಕ್ಷಿಯ ರುಜುವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ನಾಚಿಕೆಯಾಗುತ್ತದೆ. ಸಾಕ್ಷಿ ಎಂದರೆ ಕಂಡವನು. ನಾನು ಏನನ್ನೂ ಕಂಡಿರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬ್ಯಾಂಕಿನ ಸಾಲಕ್ಕೆ ಬ್ಯಾಂಕು ಆರಿಸಲಿ. ಅದರಲ್ಲಿ ನಾವು ಕೈ ಹಾಕುವುದು ಬೇಡ. ಕೊಳ್ಳಬೇಕೋ ಬೇಡವೋ ಎಂಬ ನಮ್ಮ ತೀರ್ಮಾನಕ್ಕೆ ನಾವು ಆರಿಸೋಣ. ಮಾರುವವನೂ ದಲ್ಲಾಳಿಯೂ ಎರಡಕ್ಕೂ ಬೇಡ. ಇದನ್ನು ನಡೆಸಲು ಕೂಟದ ಮುಂದೆ ನಾಲ್ಕು ಸಲಹೆ ಇಡುತ್ತೇನೆ.

ಒಂದು: ಬಯಾನಕ್ಕೆ ಮೊದಲು ನಾವೇ ಆರಿಸಿದ ನೋಂದಾಯಿತ ಎಂಜಿನಿಯರನಿಂದ ಮನೆ ನೋಡಿಸಬೇಕು. ಅದಕ್ಕೆ ಕೆಲವು ಸಾವಿರ ಖರ್ಚಾಗುತ್ತದೆ. ಒಂದೂವರೆ ಲಕ್ಷ ಹೋಗುವುದಿಲ್ಲ. ಜೊತೆಗೆ ನಮ್ಮಲ್ಲೇ ಒಬ್ಬ ಹಿರಿಯ ಗೌಂಡಿಯನ್ನು ಕರೆದೊಯ್ಯಿರಿ. ಗೋಡೆ ತಟ್ಟಿ ನೋಡಿ ಅವನು ಹೇಳುವುದು ಕಾಗದದಲ್ಲಿ ಬರುವುದಿಲ್ಲ.

ಎರಡು: ಬ್ಯಾಂಕಿನ ಬೆಲೆ ಕಡಿಮೆ ಬಂದು ಸಾಲ ಸಾಲದೆ ಹೋದರೆ ಬಯಾನ ಪೂರ್ತಿ ವಾಪಸು ಎಂದು ಕರಾರಿನಲ್ಲಿ ಬರೆಸಬೇಕು. ಒಪ್ಪದವನ ಮನೆ ನಮಗೆ ಬೇಡ.

ಮೂರು: 30 ಲಕ್ಷದೊಳಗಿನ ಸಾಲಕ್ಕೆ ಬೆಲೆಯ ನೂರಕ್ಕೆ 90ರ ತನಕ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ಮೇಲಿನ ಮಿತಿ, ಅಷ್ಟು ಕೊಟ್ಟೇ ಕೊಡುತ್ತಾರೆ ಎಂದಲ್ಲ. ಬ್ಯಾಂಕು ತಾನು ಒಪ್ಪಿದ ಬೆಲೆಯ ಮೇಲೆ ಲೆಕ್ಕ ಹಾಕುತ್ತದೆ, ಮಾರುವವನ ಬಾಯಿಮಾತಿನ ಮೇಲಲ್ಲ. ಮನೆಯ ಬೆಲೆ 10 ಲಕ್ಷ ಮೀರಿದರೆ ರಿಜಿಸ್ಟ್ರಿ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.

ನಾಲ್ಕು: ಫೀಸು ನಮ್ಮದಾದ ಮೇಲೆ ವರದಿಯ ಪ್ರತಿಯನ್ನು ಬರೆದು ಕೇಳೋಣ. ಒಬ್ಬನೇ ಕೇಳಿದರೆ ಕೊಡುವುದಿಲ್ಲ. ಸಂಘದ ಕಾಗದದಲ್ಲಿ ಇಪ್ಪತ್ತು ಮಂದಿ ಕೇಳೋಣ.

ಇನ್ನು ನನ್ನ ಮಟ್ಟಿಗೆ. ಅಳೆದವನು ಯಾರು, ಅವನನ್ನು ಕರೆತಂದವರು ಯಾರು ಎಂದು ಕೇಳದೆ ಇನ್ನು ಯಾವ ಕರಾರಿಗೂ ನಾನು ಸಾಕ್ಷಿ ಹಾಕುವುದಿಲ್ಲ. ಆ ಸಹೋದರನು ಈ ಹೊತ್ತು ನಮ್ಮ ನಡುವೆ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಅವನ ಒಪ್ಪಿಗೆ ಪಡೆದೇ ಇದನ್ನೆಲ್ಲ ಹೇಳಿದೆ. ಬಾಡಿಗೆ ಮನೆಯಲ್ಲಿಯೇ ಇದ್ದಾನೆ, ಮತ್ತೆ ಚೀಟಿ ಕಟ್ಟುತ್ತಿದ್ದಾನೆ. ಅವನು ಮುಂದೆ ನೋಡುವ ಮನೆಗೆ ಗೌಂಡಿಯ ಜೊತೆಯಲ್ಲಿ ನಾನೂ ಹೋಗುತ್ತೇನೆ. ನಿಮ್ಮಲ್ಲಿ ಇನ್ನಿಬ್ಬರು ಬಂದರೆ ಒಳ್ಳೆಯದು.

ಕರ್ತನು ನಮ್ಮ ಮನೆಗಳನ್ನೂ ನಮ್ಮ ತಕ್ಕಡಿಗಳನ್ನೂ ಕಾಯಲಿ. ಆಮೆನ್.