ಎಡಗೈಗೂ ಒಲಿಯುವ ಮೌಸು

ಗಣಕಯಂತ್ರದ ಪಕ್ಕದಲ್ಲಿ ಬಾಲ ಚಾಚಿಕೊಂಡು ಕುಳಿತಿರುವ ಪುಟ್ಟ ಸಾಧನಕ್ಕೆ ಇಂಗ್ಲಿಷಿನಲ್ಲಿ ಮೌಸ್, ಎಂದರೆ ಇಲಿ, ಎಂದು ಹೆಸರು. ಸಂಸ್ಕೃತದ ಮೂಷಿಕವೂ ಇದೂ ಜ್ಞಾತಿಪದಗಳೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವಿಘ್ನನಿವಾರಕನನ್ನು ಹೊತ್ತ ಪ್ರಾಣಿಯ ಹೆಸರಾದರೂ ಈ ಇಲಿ ಒಮ್ಮೊಮ್ಮೆ ತಾನೇ ವಿಘ್ನವಾಗುವುದುಂಟು. ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಭೆಯೊಂದರಲ್ಲಿ ಇದನ್ನು ಬಹಿರಂಗವಾಗಿ ಪ್ರದರ್ಶಿಸಿದನು. ಇದರ ಮೊದಲ ಮಾದರಿಯ ಮೈ ಮರದ್ದು.

ಪೀಣ್ಯದ ಕಡೆ ನಾನು ಪಾಠ ಹೇಳುವ ಶಾಲೆಯ ಗಣಕಗಳಲ್ಲಿರುವುದು ಉಬುಂಟು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಯೂನಿಕ್ಸಿನ ಮಾದರಿಯಲ್ಲಿ ಆರಂಭಿಸಿದ ಲಿನಕ್ಸೇ ಇದರ ತಳಹದಿ. ಇದನ್ನು ಹಣ ತೆರದೆ ಪಡೆಯಬಹುದು, ಬೇಕಾದಂತೆ ತಿದ್ದಿಕೊಳ್ಳಲೂಬಹುದು.

ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಮೌಸು ಎಷ್ಟು ದಿನವಾದರೂ ಒಗ್ಗಲಿಲ್ಲ. ಒತ್ತಿದ್ದೊಂದು, ತೆರೆದದ್ದೊಂದು. ನಾನು ಬೇಸತ್ತು, “ನಿನಗಿದು ಹತ್ತುವುದಿಲ್ಲ, ಬಿಡಮ್ಮ” ಎಂದುಬಿಟ್ಟೆ. ಮರುವಾರದಿಂದ ಅವಳು ಆ ಕೋಣೆಗೆ ಬರಲಿಲ್ಲ. ಅವಳ ತಂದೆ ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ಒಂದು ದಿನ ಬಂದು, “ಮೇಷ್ಟ್ರೇ, ಲೇತಿನಲ್ಲಿ ಕೆಲಸ ಕೆಟ್ಟರೆ ಮೊದಲು ಟೂಲು ಸರಿಯಾಗಿ ಕೂತಿದೆಯಾ ಅಂತ ನೋಡ್ತೀವಿ, ಆಮೇಲೆ ಹುಡುಗನ್ನ ಬೈತೀವಿ. ನನ್ನ ಮಗಳು ಎಡಚಿ” ಎಂದರು. ವರ್ಷವಿಡೀ ಅವಳ ಪುಸ್ತಕ ತಿದ್ದಿದ ನನಗೆ ಅವಳು ಬರೆಯುವ ಕೈ ಯಾವುದೆಂಬುದೇ ಕಂಡಿರಲಿಲ್ಲ. ತಲೆ ತಗ್ಗಿತು.

ಪರಿಹಾರ ಅರೆನಿಮಿಷದ್ದು. ಸೆಟ್ಟಿಂಗ್ಸ್ ತೆರೆದು, ಮೌಸಿನ ವಿಭಾಗದಲ್ಲಿ ಮುಖ್ಯ ಗುಂಡಿ ಬಲಗಡೆಯದೆಂದು ಆರಿಸಿದರೆ ಸಾಕು. ಎಡಗೈಯ ತೋರುಬೆರಳು ಬೀಳುವುದು ಅಲ್ಲಿಯೇ ಅಲ್ಲವೆ? ಬಾಣದ ಗುರುತು ಓಡುವ ವೇಗವನ್ನೂ ಅಲ್ಲಿಯೇ ತಗ್ಗಿಸಬಹುದು. ಈ ಏರ್ಪಾಡು ಆಯಾ ಬಳಕೆದಾರರ ಖಾತೆಗೆ ಮಾತ್ರ ಸೇರಿದ್ದು. ಆದ್ದರಿಂದ ಅವಳ ಹೆಸರಿನಲ್ಲಿ ಬೇರೆ ಖಾತೆ ತೆರೆದೆವು, ಉಳಿದವರಿಗೆ ತೊಂದರೆಯಾಗಲಿಲ್ಲ.

ಮೌಸು ಅಲುಗದೇ ಹೋದಾಗಲೂ ಕ್ರಮ ಇದೇ: ದೋಷ ಎಲ್ಲಿದೆಯೆಂದು ಮೊದಲು ಹುಡುಕಬೇಕು. ತಂತಿಯ ಮೌಸಾದರೆ ಮಗುಚಿ ನೋಡಿರಿ. ಹೊಟ್ಟೆಯಲ್ಲಿ ಕೆಂಪು ಬೆಳಕು ಉರಿಯುತ್ತಿದ್ದರೆ ವಿದ್ಯುತ್ತು ಬರುತ್ತಿದೆ. ಆಗ ಮೇಜನ್ನು ಶಂಕಿಸಿರಿ. ಗಾಜಿನ ಮೇಲೆ ಅದಕ್ಕೆ ಚಲನೆ ತಿಳಿಯದು. ಒಂದು ಹಾಳೆ ಹಾಸಿರಿ. ಬೆಳಕಿಲ್ಲದಿದ್ದರೆ ಬೇರೆ ಕಿಂಡಿಗೆ ಸಿಕ್ಕಿಸಿ ನೋಡಿರಿ. ಅಷ್ಟಕ್ಕೂ ಜಗ್ಗದಿದ್ದರೆ ಕಂಟ್ರೋಲ್, ಆಲ್ಟ್, ಟಿ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಆಜ್ಞೆ ಬರೆಯುವ ಕಿಟಕಿ ತೆರೆಯುತ್ತದೆ. ಅದರಲ್ಲಿ ಎಲ್, ಎಸ್, ಯು, ಎಸ್, ಬಿ ಎಂಬ ಐದು ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಎಡೆಬಿಡದೆ ಬರೆದು ಎಂಟರ್ ಒತ್ತಿದರೆ ಯಂತ್ರ ಗುರುತಿಸಿದ ಸಾಧನಗಳ ಪಟ್ಟಿ ಬರುತ್ತದೆ. ಮೌಸು ಪಟ್ಟಿಯಲ್ಲಿದ್ದರೆ ದೋಷ ಬಹುಶಃ ಏರ್ಪಾಡಿನದು. ಇಲ್ಲದಿದ್ದರೆ ಅದನ್ನು ಬೇರೊಂದು ಗಣಕಕ್ಕೆ ಜೋಡಿಸಿರಿ. ಅಲ್ಲಿಯೂ ಸತ್ತಂತಿದ್ದರೆ ತಂತಿಯೋ ಮೌಸೋ ಕೆಟ್ಟಿದೆ.

ಆ ಹುಡುಗಿಯನ್ನು ನಾನೇ ಕರೆತಂದು ಕೂರಿಸಿದೆ. ತಪ್ಪು ನನ್ನದೆಂದು ಎಲ್ಲರೆದುರಿಗೆ ಹೇಳಿದೆ. ಅವಳು ಮಾತಾಡಲಿಲ್ಲ. ಮೌಸನ್ನು ಎಡಕ್ಕೆ ಎಳೆದುಕೊಂಡು, ಗಂಟೆ ಬಾರಿಸುವ ಹೊತ್ತಿಗೆ ತೆರೆಯ ಮೇಲೆ ಒಂದು ಲೇತಿನ ಚಿತ್ರ ಬರೆದಿದ್ದಳು.