ಅಜ್ಜಿಯ ಗೊಂಬೆ



ನಿಮ್ಮ ಮಕ್ಕಳು ಕಾರ್ಟೂನ್ ಪಾತ್ರಗಳ ಚಿತ್ರವನ್ನು ಥಟ್ಟನೆ ಬರೆದು ತೋರಿಸುತ್ತಾರೆ. ಊರಿನಲ್ಲಿರುವ ಅಜ್ಜಿಯ ಮುಖ ಬರೆಯಬಲ್ಲರೇ? ಈ ರಜೆಯಲ್ಲಿ ಅವರ ಕೈಯಿಂದ ಅಜ್ಜಿಯದೇ ಗೊಂಬೆ ಮಾಡಿಸಿ.

ಹಳೆಯ ಪತ್ರಿಕೆಯನ್ನು ಚೂರುಮಾಡಿ ರಾತ್ರಿಯಿಡೀ ನೆನೆಸಿ, ರುಬ್ಬಿ, ನೀರು ಹಿಂಡಿ, ಮೈದಾ ಅಂಟು ಬೆರೆಸಿ ನಾದಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಾರರು ಮರದ ಗೊಂಬೆ ತಿದ್ದಲು ಹುಣಸೆ ಬೀಜದ ಅಂಟು ಬಳಸುತ್ತಾರೆ, ಅದೂ ಆದೀತು. ತಂತಿಯ ಮೇಲೆ ತೆಳುವಾಗಿ ಮೆತ್ತಿ. ದಪ್ಪವಾದರೆ ಮುಂಬಯಿ, ಚೆನ್ನೈಗಳ ತೇವದ ಹವೆಗೆ ಒಳಗೇ ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಬಣ್ಣ ಹಚ್ಚಿ.

ಸೀರೆ ಯಾವ ಬಣ್ಣ, ಮೂಗುತಿ ಯಾವ ಕಡೆ? ಮಗುವೇ ಫೋನ್ ಮಾಡಿ ಅಜ್ಜಿಯನ್ನು ಕೇಳಲಿ. ಆ ಮಾತು ಕನ್ನಡದಲ್ಲೇ ಆಗಬೇಕಲ್ಲ! ಮುಗಿದ ಗೊಂಬೆ ಅಜ್ಜಿಗೇ ಉಡುಗೊರೆ.