ಕವಡೆಯ ಹೂವು



ಥಾಯ್ ಭಾಷೆಯಲ್ಲಿ ಬಡ್ಡಿಗೆ 'ದೋಕ್ ಬಿಯ' ಎನ್ನುತ್ತಾರೆ. 'ದೋಕ್' ಎಂದರೆ ಹೂವು, 'ಬಿಯ' ಎಂದರೆ ಕವಡೆ. ಕೊಟ್ಟ ಕವಡೆ ಹೂ ಬಿಟ್ಟರೆ ಅದೇ ಬಡ್ಡಿ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಆ ದೇಶದ ಸಂತೆಗಳಲ್ಲಿ ಚಿಲ್ಲರೆ ಹಣವಾಗಿ ಓಡಾಡುತ್ತಿದ್ದುದು ಮಾಲ್ಡೀವ್ಸ್ ಕಡಲಿನಿಂದ ಬಂದ ಕವಡೆ. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುವ ಕನ್ನಡಿಗರಿಗೆ ಈ ನಾಣ್ಯದ ಪರಿಚಯ ಹೇಳಬೇಕಾಗಿಲ್ಲ. ಕವಡೆ ಹೋಗಿ ಈಗ ಬಾತ್ ಬಂದಿದೆ (ತಿನ್ನುವ ಬಾತ್ ಅಲ್ಲ, ಅಲ್ಲಿನ ನಾಣ್ಯ). ಹೂವು ಮಾತ್ರ ಹಾಗೆಯೇ ಉಳಿದಿದೆ.

ಕನ್ನಡದಲ್ಲಿ ಋಣ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಸಾಹುಕಾರನಿಗೆ ಕೊಡಬೇಕಾದದ್ದೂ ಋಣ, ಹೆತ್ತವಳಿಗೆ ತೀರಿಸಲಾಗದ್ದೂ ಋಣ. ಥಾಯ್ ಜನ ಇವನ್ನು ಬೇರೆಬೇರೆಯಾಗಿ ಹೇಳುತ್ತಾರೆ. ಹಣದ ಸಾಲ 'ನೀ'. ಉಪಕಾರದ ಋಣ 'ಬುನ್ ಖುನ್'. ಬುನ್ ಅಂದರೆ ಪುಣ್ಯ, ಖುನ್ ಅಂದರೆ ಗುಣ. ಆ ಋಣವನ್ನು ನೆನೆದು ನಡೆಯುವವನು 'ಕತನ್ಯೂ', ಪಾಲಿ ಭಾಷೆಯ ದಾರಿಯಾಗಿ ಅಲ್ಲಿಗೆ ಹೋದ ಕೃತಜ್ಞ. ಮಾತು ಎರಡಾದರೂ ಮನೆಯ ಲೆಕ್ಕದಲ್ಲಿ ಅವು ಬೇರೆಯಾಗಿ ನಿಲ್ಲುವುದಿಲ್ಲ. ಒಂದನ್ನು ತೀರಿಸಲು ಇನ್ನೊಂದನ್ನು ಮಾಡುವುದು ಅಲ್ಲಿ ನಿತ್ಯದ ಸಂಗತಿ. ಈ ಕುಟುಂಬಗಳ ಸಾಲದ ಬಗ್ಗೆ ಪತ್ರಿಕೆಗಳು ಬರೆಯುವಾಗ 'ಎಷ್ಟು' ಎಂದು ಕೇಳುತ್ತವೆ. 'ಒತ್ತೆಗೆ ಏನನ್ನು ಇಟ್ಟರು' ಎಂದು ಕೇಳಿದರೆ ಕಥೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ದೇಶಕ್ಕೆ ಸಯಾಮ್ ಎಂಬ ಹೆಸರಿದ್ದ ಕಾಲದಲ್ಲಿ ಒತ್ತೆ ಎಂದರೆ ಮನುಷ್ಯನ ಮೈ. ಭೂಮಿ ಧಾರಾಳವಾಗಿತ್ತು, ಜನ ಕಡಿಮೆ. ಹೀಗಾಗಿ ಬೆಲೆಯಿದ್ದದ್ದು ನೆಲಕ್ಕಲ್ಲ, ದುಡಿಯುವ ಕೈಗೆ. ಸಾಲ ಬೇಕಾದವನು ತನ್ನನ್ನೋ ಹೆಂಡತಿ ಮಕ್ಕಳನ್ನೋ ಸಾಲ ಕೊಟ್ಟವನ ಮನೆಯಲ್ಲಿ ಆಳಾಗಿ ಇಡುತ್ತಿದ್ದ. ಆಳು ಮಾಡಿದ ದುಡಿಮೆ ಬಡ್ಡಿಗೆ ವಜಾ ಆಗುತ್ತಿತ್ತೇ ಹೊರತು ಅಸಲು ಇಳಿಯುತ್ತಿರಲಿಲ್ಲ. ಅಸಲನ್ನು ತಂದು ಕೊಟ್ಟ ದಿನ ಬಿಡುಗಡೆ. ಕರ್ನಾಟಕದ ಹಳ್ಳಿಗಳಲ್ಲಿ ಜೀತ ಎಂದು ಕರೆಯುತ್ತಿದ್ದುದರ ಸೋದರ ಸಂಬಂಧಿ ಇದು. ಭಾರತದಲ್ಲಿ ಜೀತವನ್ನು ರದ್ದುಗೊಳಿಸಿದ ಕಾಯ್ದೆ ಬಂದದ್ದು 1976ರಲ್ಲಿ.

ಸಯಾಮಿನ ದೊರೆ ಚುಲಾಲಾಂಗ್‌ಕಾರ್ನ್ ಇದನ್ನು ಒಂದೇ ಏಟಿಗೆ ಕಡಿಯಲಿಲ್ಲ. 1874ರ ಆಜ್ಞೆಯಂತೆ, ತಾನು ಪಟ್ಟಕ್ಕೆ ಬಂದ 1868ರಿಂದೀಚೆಗೆ ಆಳುಗಳಿಗೆ ಹುಟ್ಟಿದ ಮಕ್ಕಳ ಬೆಲೆ ವಯಸ್ಸಿನೊಂದಿಗೆ ಇಳಿಯುತ್ತ ಹೋಗಿ, ಇಪ್ಪತ್ತೊಂದು ತುಂಬಿದಾಗ ಅವರು ಸ್ವತಂತ್ರರಾಗಬೇಕು. 1905ರ ಕಾಯ್ದೆ ಇನ್ನೂ ಕುತೂಹಲಕರ. ಸಾಲಕ್ಕಾಗಿ ಆಳಾಗಿದ್ದವರ ಅಸಲಿನಲ್ಲಿ ತಿಂಗಳಿಗೆ ನಾಲ್ಕು ಬಾತ್‌ನಂತೆ ಕಳೆಯುತ್ತ ಹೋಗಬೇಕೆಂದು ಅದು ವಿಧಿಸಿತು. ಅಂದರೆ ಮನುಷ್ಯನ ದುಡಿಮೆ ಮೊದಲ ಬಾರಿಗೆ ಬಡ್ಡಿಯನ್ನು ದಾಟಿ ಅಸಲನ್ನು ಮುಟ್ಟಿತು. ಧಣಿಗಳ ದಂಗೆಯಿಲ್ಲದೆ ಈ ಬದಲಾವಣೆ ಆದದ್ದು ಆ ಲೆಕ್ಕದ ನಿಧಾನದಿಂದಲೇ ಇರಬೇಕು.

ಅಷ್ಟು ಹೊತ್ತಿಗೆ ನೆಲಕ್ಕೂ ಬೆಲೆ ಬಂದಿತ್ತು. 1855ರಲ್ಲಿ ಜಾನ್ ಬೌರಿಂಗ್ ಬ್ರಿಟನ್ನಿನ ಪರವಾಗಿ ಮಾಡಿಕೊಂಡ ಒಪ್ಪಂದದಿಂದ ಅಕ್ಕಿಯ ರಫ್ತು ಮುಕ್ತವಾಯಿತು. ಚಾವೋ ಫ್ರಯಾ ನದಿಯ ಬಯಲಿನಲ್ಲಿ ಕಾಲುವೆಗಳು ಬಂದವು, ಜೌಗು ಗದ್ದೆಯಾಯಿತು. ಬಿತ್ತನೆಯ ಕಾಲಕ್ಕೆ ಕೈಯಲ್ಲಿ ಕಾಸಿಲ್ಲದ ರೈತನಿಗೆ ಅಕ್ಕಿ ವ್ಯಾಪಾರಿಯೇ ಮುಂಗಡ ಕೊಟ್ಟ. ಪೈರು ಹಸಿರಾಗಿರುವಾಗಲೇ ಕುದುರುವ ಈ ವ್ಯಾಪಾರಕ್ಕೆ 'ತೊಕ್ ಖಿಯಾವ್' ಎಂದು ಹೆಸರು. ಖಿಯಾವ್ ಎಂದರೆ ಹಸಿರು. ಸುಗ್ಗಿಯಲ್ಲಿ ಧಾರಣೆ ಏರಿದರೂ ರೈತನಿಗೆ ಸಿಗುವುದು ಮೊದಲೇ ಮಾತಾಡಿಕೊಂಡ ಅಗ್ಗದ ಬೆಲೆ.

ಈ ಮಾತಿಗೆ ಮುಂದೆ ಬಂದ ಗತಿಯನ್ನು ಹೇಳದೆ ಬಿಡುವಂತಿಲ್ಲ. 1980ರ ದಶಕದಲ್ಲಿ, 90ರ ದಶಕದ ಮೊದಲ ವರ್ಷಗಳಲ್ಲಿ, ಉತ್ತರ ಥಾಯ್ಲೆಂಡಿನ ಬಡ ಹಳ್ಳಿಗಳಿಗೆ ಬೇರೊಂದು ಬಗೆಯ ದಲ್ಲಾಳಿಗಳು ಬರತೊಡಗಿದರು. ಆರನೆಯ ತರಗತಿ ಮುಗಿಸದ ಹುಡುಗಿಯ ಮೇಲೆ ತಂದೆ ತಾಯಿಗೆ ಮುಂಗಡ ಕೊಟ್ಟು, ಶಾಲೆ ಬಿಟ್ಟ ಕೂಡಲೇ ಅವಳನ್ನು ನಗರದ ವೇಶ್ಯಾಗೃಹಕ್ಕೆ ಕರೆದೊಯ್ಯುವ ವ್ಯವಹಾರ ಅದು. ಅದಕ್ಕೂ ಜನ 'ತೊಕ್ ಖಿಯಾವ್' ಎಂದೇ ಹೆಸರಿಟ್ಟರು. ಹೆತ್ತವರ ಉಪಕಾರ ತೀರಿಸುವುದೇ ಮಗಳ ಧರ್ಮ ಎಂಬ ನಂಬಿಕೆಯನ್ನು ದಲ್ಲಾಳಿ ಚೆನ್ನಾಗಿ ಬಳಸಿಕೊಂಡ. 1905ರಲ್ಲಿ ಕಾನೂನು ಬಿಡಿಸಿದ ಮೈ ಹಿಂಬಾಗಿಲಿನಿಂದ ಮತ್ತೆ ಒತ್ತೆಗೆ ಹೋಯಿತು. ಹುಡುಗಿಯರನ್ನು ಇನ್ನೂ ಕೆಲವು ವರ್ಷ ಶಾಲೆಯಲ್ಲಿ ಉಳಿಸಿಕೊಳ್ಳುವುದು, ವಿದ್ಯಾರ್ಥಿವೇತನ ಕೊಡುವುದು ಇದಕ್ಕೆ ಕಂಡುಕೊಂಡ ಮುಖ್ಯ ಉಪಾಯಗಳಾಗಿದ್ದವು.

ವ್ಯಾಪಾರಿಯ ಹಿಡಿತದಿಂದ ರೈತನನ್ನು ಬಿಡಿಸುವ ಯೋಚನೆ ಹಳೆಯದು. ಅದರಲ್ಲಿ ದಕ್ಷಿಣ ಭಾರತದ ಪಾಲೂ ಉಂಟು. 1914ರಲ್ಲಿ ಸಯಾಮ್ ಸರ್ಕಾರ ಮದ್ರಾಸ್ ಬ್ಯಾಂಕಿನ ಮುಖ್ಯಸ್ಥ ಸರ್ ಬರ್ನಾರ್ಡ್ ಹಂಟರ್ ಅವರನ್ನು ಸಲಹೆಗಾಗಿ ಕರೆಸಿಕೊಂಡಿತು. ಜರ್ಮನಿಯ ರೈಫೈಸನ್ ಮಾದರಿಯ ಹಳ್ಳಿ ಸಹಕಾರ ಸಂಘಗಳನ್ನು ಕಟ್ಟಿ ಎಂದು ಅವರು ಹೇಳಿದರು. 1916ರಲ್ಲಿ ಫಿತ್ಸನುಲೋಕ್ ಪ್ರಾಂತದ ವಾಟ್ ಚಾನ್‌ನಲ್ಲಿ ಹದಿನಾರು ಸದಸ್ಯರ ಮೊದಲ ಸಂಘ ಹುಟ್ಟಿತು. ಗದಗಿನ ಕಣಗಿನಹಾಳದಲ್ಲಿ ಅಂಥದೇ ಸಂಘ ಶುರುವಾಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ವಾಟ್ ಚಾನ್ ಸಂಘದಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ತಪ್ಪಿದರೆ ಉಳಿದವರು ತೆರಬೇಕು. ಒತ್ತೆ ಈಗ ನೆರೆಯವನ ಮಾತು.

ರೈತರ ಮನೆ ಮನೆಯ ಲೆಕ್ಕವನ್ನು ಮೊದಲು ಎಣಿಸಿದವನು ಹಾರ್ವರ್ಡಿನ ಸಮಾಜಶಾಸ್ತ್ರಜ್ಞ ಕಾರ್ಲ್ ಝಿಮ್ಮರ್‌ಮನ್. 1930-31ರ ಆ ಸಮೀಕ್ಷೆಯಲ್ಲಿ ಕಂಡದ್ದು ಸಾಮಾನ್ಯ ಊಹೆಗೆ ತದ್ವಿರುದ್ಧ. ಬೆಳೆದದ್ದನ್ನು ಮಾರಿ ನಗದು ಕಾಣುತ್ತಿದ್ದ ಮಧ್ಯ ಬಯಲಿನ ರೈತರಿಗೆ ಸಾಲ ಹೆಚ್ಚು. ಬೆಳೆದದ್ದನ್ನು ತಾವೇ ಉಣ್ಣುತ್ತಿದ್ದ ಈಶಾನ್ಯದ ಬಡವರಿಗೆ ತೀರ ಕಡಿಮೆ. ಸಾಲ ಹುಡುಕಿಕೊಂಡು ಹೋಗುವುದು ಬಡತನವನ್ನಲ್ಲ, ವಸೂಲಿಯಾಗಬಲ್ಲ ಆದಾಯವನ್ನು.

ಮುಂದೆ 1966ರಲ್ಲಿ ಸರ್ಕಾರ ಕೃಷಿ ಮತ್ತು ಕೃಷಿ ಸಹಕಾರ ಬ್ಯಾಂಕನ್ನು ತೆರೆಯಿತು. ಇಲ್ಲೂ ಗುಂಪಿನ ಜಾಮೀನೇ. 2001ರಲ್ಲಿ ಪ್ರಧಾನಿ ತಕ್ಸಿನ್ ಶಿನವಾತ್ರ ಪ್ರತಿ ಹಳ್ಳಿಗೆ, ಹಳ್ಳಿ ಚಿಕ್ಕದೋ ದೊಡ್ಡದೋ ನೋಡದೆ, ಹತ್ತು ಲಕ್ಷ ಬಾತ್‌ಗಳ ನಿಧಿ ಕೊಟ್ಟರು. ಸುಮಾರು 77 ಸಾವಿರ ಹಳ್ಳಿಗಳು. ರಾಜಕಾರಣಿಗೆ ಇದು ಮತದ ಮಾತು. ಅರ್ಥಶಾಸ್ತ್ರಜ್ಞರಿಗೆ ಮಾತ್ರ ಅಯಾಚಿತವಾಗಿ ಒಂದು ಪ್ರಯೋಗ ಸಿಕ್ಕಂತಾಯಿತು: ಐವತ್ತು ಮನೆಯ ಹಳ್ಳಿಗೂ ಇನ್ನೂರು ಮನೆಯ ಹಳ್ಳಿಗೂ ಒಂದೇ ಮೊತ್ತವಾದರೆ ಚಿಕ್ಕ ಹಳ್ಳಿಯ ಪ್ರತಿ ಮನೆಗೆ ಸಿಗುವ ಸಾಲ ಹೆಚ್ಚು. ಅಮೆರಿಕದ ರಾಬರ್ಟ್ ಟೌನ್‌ಸೆಂಡ್ 1997ರಿಂದಲೇ ಥಾಯ್ ಹಳ್ಳಿಗಳಲ್ಲಿ ಮನೆಗಳ ಲೆಕ್ಕ ಬರೆಸುತ್ತಿದ್ದರು. ಅವರೂ ಜೋಸೆಫ್ ಕಬೋಸ್ಕಿಯೂ ಹೋಲಿಸಿ ನೋಡಿದಾಗ ಹೊಸ ಸಾಲ ಹೆಚ್ಚಾಗಿ ಮನೆಯ ಖರ್ಚಿಗೇ ಹೋಗಿತ್ತು. ಮನೆ ರಿಪೇರಿ, ವಾಹನ ರಿಪೇರಿ, ಊಟ. ಇದನ್ನು ದುಂದು ಎಂದು ಬೈದವರು ಬಹಳ. ಆದರೆ ಸುಗ್ಗಿಗೊಮ್ಮೆ ಮಾತ್ರ ಹಣ ಕಾಣುವ ಮನೆಯಲ್ಲಿ, ಕೆಟ್ಟ ದಿನಕ್ಕೆಂದು ಮಡಕೆಯಲ್ಲಿ ಮುಚ್ಚಿಟ್ಟಿದ್ದನ್ನು ಇನ್ನು ಖರ್ಚು ಮಾಡಬಹುದು, ಬೇಕಾದಾಗ ಸಾಲ ಸಿಗುತ್ತದೆ ಎಂಬ ಧೈರ್ಯ ಬಂದರೆ ಮೊದಲು ಸೋರುವ ಮಾಡು ಸರಿಹೋಗುತ್ತದೆ. ಅದು ದುಂದಲ್ಲ.

ತೊಂದರೆ ಇನ್ನೊಂದು ಕಡೆ ಇದೆ. ನಿಧಿಯ ಸಾಲ ಸಾಮಾನ್ಯವಾಗಿ ಒಂದು ವರ್ಷದ್ದು. ಗಡುವು ಬಂದಾಗ ಲೇವಾದೇವಿಯವನಿಂದ ನಾಲ್ಕು ದಿನಕ್ಕೆ ಕೈಗಡ ತಂದು ಕಟ್ಟುವುದು, ಹೊಸ ಸಾಲ ಮಂಜೂರಾದ ದಿನ ಆ ಕೈಗಡವನ್ನು ಹೂವಿನ ಸಮೇತ ತೀರಿಸುವುದು. ಹಳ್ಳಿಗಳಲ್ಲಿ ಇದು ರೂಢಿಯಾಯಿತು. ಪುಸ್ತಕದಲ್ಲಿ ವಸೂಲಿ ಚೆನ್ನಾಗಿಯೇ ಕಾಣುತ್ತಿತ್ತು.

ಈಗ ಒಂದಿಷ್ಟು ಅಂಕಿ ಅಂಶ. ಥಾಯ್ ರಾಷ್ಟ್ರೀಯ ಅಂಕಿ ಅಂಶ ಕಚೇರಿಯ 2021ರ ಸಮೀಕ್ಷೆಯಂತೆ ಕುಟುಂಬವೊಂದರ ಸರಾಸರಿ ತಿಂಗಳ ಆದಾಯ 27,352 ಬಾತ್, ಖರ್ಚು 21,616 ಬಾತ್, ಮೈಮೇಲಿನ ಸಾಲ 2,05,679 ಬಾತ್. ಏಳೂವರೆ ತಿಂಗಳ ಗಳಿಕೆಯಷ್ಟೇ ಸಾಲ, ಅಂಥ ಭಯವೇನಿಲ್ಲ ಎನಿಸಬಹುದು. ಸರಾಸರಿ ಎಂಬುದು ಹೀಗೇ ಮೋಸ ಮಾಡುತ್ತದೆ. ಸಾಲ ಇದ್ದದ್ದು ನೂರಕ್ಕೆ 51.5 ಕುಟುಂಬಗಳಿಗೆ ಮಾತ್ರ. ಸಾಲವಿಲ್ಲದವರನ್ನು ಬಿಟ್ಟು ಲೆಕ್ಕ ಹಾಕಿದರೆ, ಸಾಲಗಾರ ಮನೆಯೊಂದರ ತಲೆಯ ಮೇಲೆ ಸುಮಾರು ನಾಲ್ಕು ಲಕ್ಷ ಬಾತ್.

ಆದಾಯದ ಕಡೆಗೂ ಒಂದು ಕಣ್ಣು ಹಾಯಿಸಬೇಕು. ಈಶಾನ್ಯ ಸೀಮೆಗೆ ಥಾಯ್ ಹೆಸರು 'ಇಸಾನ್'. ಕನ್ನಡದ ಈಶಾನ್ಯವೂ ಅದೂ ಒಂದೇ ಬೇರಿನವು. ಅಲ್ಲಿನ ಎಷ್ಟೋ ಮನೆಗಳಲ್ಲಿ ಅಜ್ಜಿ ತಾತ ಮೊಮ್ಮಕ್ಕಳು ಮಾತ್ರ ಇರುತ್ತಾರೆ. ನಡುವಿನ ತಲೆಮಾರು ಬ್ಯಾಂಕಾಕಿನ ಕಾರ್ಖಾನೆಯಲ್ಲೋ ಟ್ಯಾಕ್ಸಿಯಲ್ಲೋ, ತೈವಾನ್ ಅಥವಾ ಇಸ್ರೇಲಿನಲ್ಲೋ. ಹೊರದೇಶಕ್ಕೆ ಹೋಗಲು ದಲ್ಲಾಳಿಗೆ ಕೊಟ್ಟ ಹಣವೂ ಬಹಳಷ್ಟು ಸಲ ಗದ್ದೆಯ ಮೇಲೆ ತಂದ ಸಾಲವೇ. ಮಗಳು ತಿಂಗಳು ತಿಂಗಳು ಕಳಿಸುವ ಹಣ ಅಜ್ಜಿಯ ಲೆಕ್ಕದಲ್ಲಿ ಆದಾಯ, ಮಗಳ ಲೆಕ್ಕದಲ್ಲಿ 'ಬುನ್ ಖುನ್' ತೀರಿಸಿದ್ದು. ಮದುವೆಯಲ್ಲೂ ಹಣ ಹರಿಯುವ ದಿಕ್ಕು ಬೇರೆ. 'ಸಿನ್ ಸೋತ್' ಎಂಬ ಹೆಸರಿನಲ್ಲಿ ವರನ ಕಡೆಯವರು ವಧುವಿನ ತಂದೆ ತಾಯಿಗೆ ಹಣ, ಚಿನ್ನ ಕೊಡಬೇಕು. ವರದಕ್ಷಿಣೆಯ ನಾಡಿನಿಂದ ಹೋದವರಿಗೆ ಇದು ಆಶ್ಚರ್ಯ. ಸಾಲ ಮಾತ್ರ ಎರಡೂ ಕಡೆ ಒಂದೇ, ಹೊರುವ ಮನೆ ಬೇರೆ ಅಷ್ಟೆ.

ಮೇ ತಿಂಗಳ ನಡುವೆ ಶಾಲೆ ತೆರೆಯುತ್ತದೆ. ನಾಟಿ ಇನ್ನೂ ಆಗಿರುವುದಿಲ್ಲ, ಕೊಯ್ಲಿಗೆ ಆರು ತಿಂಗಳಿದೆ. ಸಮವಸ್ತ್ರ, ಬೂಟು, ಪುಸ್ತಕ. ಆಗ ಗಿರವಿ ಅಂಗಡಿಗಳ ಮುಂದೆ ಸಾಲು. ಸರ್ಕಾರವೇ ನಡೆಸುವ ಗಿರವಿ ಅಂಗಡಿಗಳು 1955ರಿಂದಲೂ ಇವೆ, ಅಲ್ಲಿ ಬಡ್ಡಿ ಕಡಿಮೆ. ಥಾಯ್ ಹೆಂಗಸರು ಕೈಯಲ್ಲಿ ಕಾಸಾಡಿದಾಗ ಒಂದು ಬಾತ್, ಅರ್ಧ ಬಾತ್ ತೂಕದ ಚಿನ್ನ ಕೊಳ್ಳುವುದು (ಬಾತ್ ಎಂಬುದು ಮೂಲದಲ್ಲಿ ತೂಕವೇ, ಸುಮಾರು ಹದಿನೈದು ಗ್ರಾಂ) ಬರೀ ಅಲಂಕಾರಕ್ಕಲ್ಲ ಎಂಬುದನ್ನು ಕರ್ನಾಟಕದ ಗೃಹಿಣಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಚೀಟಿ ವ್ಯವಹಾರವೂ ಉಂಟು, ಅದನ್ನು 'ಶೇರ್ ಆಡುವುದು' ಎನ್ನುತ್ತಾರೆ. ನಂಬಿಕೆಯ ಮೇಲೆ ನಡೆಯುವ ಈ ಆಟದ ಹೆಸರಿನಲ್ಲೇ 1980ರ ದಶಕದಲ್ಲಿ ಚಮೋಯ್ ತಿಪ್ಯಸೋ ಎಂಬಾಕೆ ಸಾವಿರಾರು ಜನರನ್ನು ಮುಳುಗಿಸಿದಳು. 1989ರಲ್ಲಿ ನ್ಯಾಯಾಲಯ ಅವಳಿಗೆ 1,41,078 ವರ್ಷಗಳ ಸೆರೆ ವಿಧಿಸಿತು. ಕಾನೂನಿನ ಮಿತಿ ಇಪ್ಪತ್ತು ವರ್ಷ. ಅವಳು ಒಳಗಿದ್ದದ್ದು ಅದಕ್ಕಿಂತಲೂ ಕಡಿಮೆ.

ಇತ್ತೀಚಿನ ಸಾಲಕ್ಕೆ ಸರ್ಕಾರದ ಪ್ರೋತ್ಸಾಹವೂ ಇತ್ತು. 2011ರಲ್ಲಿ ಮೊದಲ ಕಾರು ಕೊಳ್ಳುವವರಿಗೆ ಒಂದು ಲಕ್ಷ ಬಾತ್‌ವರೆಗೆ ತೆರಿಗೆ ವಾಪಸು ಎಂಬ ಯೋಜನೆ ಬಂತು, ಹನ್ನೆರಡು ಲಕ್ಷಕ್ಕೂ ಹೆಚ್ಚು ಮಂದಿ ಮುಗಿಬಿದ್ದರು. ಕೊರೋನಾ ವರ್ಷಗಳಲ್ಲಿ ಪ್ರವಾಸಿಗರು ಬಾರದೆ ಹೋಟೆಲು, ಬೀದಿ ಅಂಗಡಿಗಳ ಗಳಿಕೆ ನಿಂತಾಗ ಮನೆಗಳ ಒಟ್ಟು ಸಾಲ ದೇಶದ ವಾರ್ಷಿಕ ಉತ್ಪನ್ನದ ನೂರಕ್ಕೆ 90ನ್ನು ದಾಟಿತು. 2024ರ ಕೊನೆಗೆ ಅದು 90ಕ್ಕಿಂತ ಕೆಳಗೆ ಬಂತು. ತೀರಿಸಿದ್ದರಿಂದ ಮಾತ್ರವಲ್ಲ, ಬ್ಯಾಂಕುಗಳು ಹೊಸ ಸಾಲಕ್ಕೆ ಕೈ ಬಿಗಿ ಮಾಡಿದ್ದರಿಂದಲೂ. ಬ್ಯಾಂಕಿನ ಬಾಗಿಲು ಮುಚ್ಚಿದವರ ಮನೆ ಬಾಗಿಲಿಗೆ ಹೆಲ್ಮೆಟ್ ಧರಿಸಿದವರು ಬರುತ್ತಾರೆ. ಮೋಟಾರ್ ಸೈಕಲ್ಲಿನಲ್ಲಿ ದಿನವಹಿ ವಸೂಲಿಗೆ ಬರುವ ಲೇವಾದೇವಿಗಾರರಿಗೆ ಅಲ್ಲಿ 'ಹೆಲ್ಮೆಟ್ ಗ್ಯಾಂಗ್' ಎಂದೇ ಹೆಸರು. ಕಾನೂನಿನಂತೆ ಖಾಸಗಿ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ 15 ಮೀರಬಾರದು. ಇವರು ತಿಂಗಳಿಗೆ ನೂರಕ್ಕೆ 20 ಕೇಳುವುದುಂಟು. ಮೀಟರ್ ಬಡ್ಡಿ ಎಂದರೆ ಕರ್ನಾಟಕದ ಮಾರುಕಟ್ಟೆಗಳಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ.

ಕೊನೆಗೆ ಮೇಷ್ಟ್ರುಗಳ ವಿಷಯ. ತಿಂಗಳ ಸಂಬಳ, ಪಿಂಚಣಿ, ಸಮಾಜದಲ್ಲಿ ಮರ್ಯಾದೆ ಎಲ್ಲ ಇರುವ ಸರ್ಕಾರಿ ಶಿಕ್ಷಕರೇ ಥಾಯ್ಲೆಂಡಿನಲ್ಲಿ ಸಾಲಕ್ಕೆ ಹೆಸರಾದವರು. ಝಿಮ್ಮರ್‌ಮನ್ ಕಂಡದ್ದೇ ಇಲ್ಲೂ: ಖಚಿತ ಸಂಬಳ ಇರುವಲ್ಲಿಗೆ ಸಾಲ ತಾನಾಗಿ ಬರುತ್ತದೆ. 2018ರ ಜುಲೈನಲ್ಲಿ ಮಹಾ ಸಾರಖಾಮ್ ಎಂಬ ಊರಿನಲ್ಲಿ ಸೇರಿದ ಒಂದಷ್ಟು ಶಿಕ್ಷಕರು, ಇನ್ನು ಈ ಸಾಲ ಕಟ್ಟುವುದಿಲ್ಲ ಎಂದು ಘೋಷಿಸಿದಾಗ ದೇಶವೇ ಅವರನ್ನು ಜರೆಯಿತು. ಮಕ್ಕಳಿಗೆ ಪ್ರಾಮಾಣಿಕತೆ ಕಲಿಸುವವರು ಹೀಗೆ ಮಾಡಬಹುದೇ ಎಂದು. ಅವರು ಹೇಳುತ್ತಿದ್ದ ಸಾಲ ಯಾವುದು ಎಂದು ಕೇಳಿದವರು ಕಡಿಮೆ. ಥಾಯ್ ಶಿಕ್ಷಕರಿಗೆ ಹಳೆಯದೊಂದು ಅಂತ್ಯಸಂಸ್ಕಾರ ಸಹಾಯ ನಿಧಿಯಿದೆ. ಒಬ್ಬ ಸದಸ್ಯ ತೀರಿಕೊಂಡರೆ ಉಳಿದ ಪ್ರತಿಯೊಬ್ಬರೂ ಒಂದು ಬಾತ್ ಕೊಡುತ್ತಾರೆ. ಸದಸ್ಯರು ಲಕ್ಷಗಟ್ಟಲೆ ಇರುವುದರಿಂದ ಸತ್ತವರ ಮನೆಗೆ ದೊಡ್ಡ ಮೊತ್ತವೇ ಸೇರುತ್ತದೆ. ಆ ಬರಲಿರುವ ಹಣವನ್ನೇ ಭದ್ರತೆಯಾಗಿ ಹಿಡಿದು, ಬದುಕಿರುವ ಶಿಕ್ಷಕರಿಗೆ ಸಾಲ ಕೊಡಲಾಗಿತ್ತು. ಸಾಲ ತೀರುವ ಮೊದಲೇ ಶಿಕ್ಷಕ ಸತ್ತರೆ, ಸಹೋದ್ಯೋಗಿಗಳು ಒಂದೊಂದು ಬಾತ್‌ನಂತೆ ಕೂಡಿಸಿದ ಹಣದಲ್ಲಿ ಮೊದಲು ಬ್ಯಾಂಕಿನ ಬಾಕಿ ಕಳೆಯುತ್ತಾರೆ. ಉಳಿದದ್ದು ಮನೆಯವರ ಕೈಗೆ.